ಮಾನಸಿಕ ಚೇತರಿಕೆಯಲ್ಲಿ ಔದ್ಯೋಗಿಕ ಚಿಕಿತ್ಸೆ

ವಿಷಮಶೀತ ಜ್ವರದಿಂದ ಎದ್ದವರ ಆರೈಕೆ ಹೇಗಿರಬೇಕೆಂಬುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದ ಸಂಗತಿ. ಮೊದಲು ಗಂಜಿ, ಬಳಿಕ ಮೆತ್ತಗಿನ ಅನ್ನ ಮತ್ತು ತಿಳಿಸಾರು, ಕೆಲವು ದಿನ ಮನೆಯೊಳಗೇ ನಡಿಗೆ, ಅನಂತರ ಬೀದಿಯ ತುದಿಯವರೆಗೆ, ಕೊನೆಗೆ ಕಚೇರಿ. ಜ್ವರ ಬಿಟ್ಟ ಮರುದಿನವೇ ಯಾರೂ ರೋಗಿಗೆ ಹೋಳಿಗೆ ಬಡಿಸುವುದಿಲ್ಲ. ಹಾಗೆಂದು ಜೀವನಪರ್ಯಂತ ಗಂಜಿಯಲ್ಲೇ ಇಡುವುದೂ ಇಲ್ಲ. ಆದರೆ ಮನೋರೋಗಕ್ಕೆ ಚಿಕಿತ್ಸೆ ಪಡೆದು ಮನೆಗೆ ಮರಳಿದವರ ವಿಷಯದಲ್ಲಿ ಈ ವಿವೇಕ ನಮ್ಮ ಕೈಬಿಡುತ್ತದೆ. ವೈದ್ಯರು ಬರೆದುಕೊಟ್ಟ ಚೀಟಿ ಇದೆ, ಮಾತ್ರೆಗಳಿವೆ. ಮಾತ್ರೆ ನುಂಗಲು ಎರಡು ನಿಮಿಷ ಸಾಕು. ಎಚ್ಚರವಾಗಿರುವ ಉಳಿದ ಗಂಟೆಗಳನ್ನು ಆ ಮನುಷ್ಯ ಹೇಗೆ ಕಳೆಯಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುವ ವೈದ್ಯಕೀಯ ಶಾಖೆಗೆ ಔದ್ಯೋಗಿಕ ಚಿಕಿತ್ಸೆ ಎಂದು ಹೆಸರು.

ಮುಂಬಯಿಯ ಉಪನಗರವೊಂದರ ಎರಡು ಕೋಣೆಯ ಮನೆಯನ್ನು ಕಲ್ಪಿಸಿಕೊಳ್ಳಬಹುದು. ಇಪ್ಪತ್ತಾರು ವರ್ಷದ ಮಗ ವಾಣಿಜ್ಯ ಪದವೀಧರ. ಸ್ಕಿಜೋಫ್ರೀನಿಯಾ ಎಂಬ ಚಿತ್ತವಿಕಲತೆಗೆ ತುತ್ತಾಗಿ ನೌಕರಿ ಕಳೆದುಕೊಂಡಿದ್ದಾನೆ. ಔಷಧಿಯಿಂದ ಕಿವಿಯಲ್ಲಿ ಕೇಳಿಸುತ್ತಿದ್ದ ದನಿಗಳು ಅಡಗಿವೆ, ಸಂಶಯಗಳು ಕಡಿಮೆಯಾಗಿವೆ. ಆದರೆ ಅವನು ಹನ್ನೊಂದು ಗಂಟೆಗೆ ಏಳುತ್ತಾನೆ; ಸ್ನಾನಕ್ಕೆ ಹತ್ತು ಸಲ ಕರೆಯಬೇಕು; ಗೋಡೆ ನೋಡುತ್ತ ಕುಳಿತಿರುತ್ತಾನೆ. ತಾಯಿ, "ನೀನು ಸುಮ್ಮನೆ ಮಲಗಿರಪ್ಪ, ನಾನೆಲ್ಲ ಮಾಡುತ್ತೇನೆ" ಎಂದು ತಟ್ಟೆಯನ್ನೂ ಕೈಗೇ ತಂದುಕೊಡುತ್ತಾರೆ. ನಿವೃತ್ತರಾದ ತಂದೆ, "ಎಷ್ಟು ದಿನ ಹೀಗೇ ಕೂತಿರುತ್ತೀಯೋ?" ಎಂದು ನೌಕರಿಯ ಅರ್ಜಿಗಳನ್ನು ಮುಂದಿಡುತ್ತಾರೆ. ಇಬ್ಬರದೂ ಪ್ರೀತಿಯೇ. ಆದರೆ ಒಬ್ಬರದು ಎಂದೂ ಮುಗಿಯದ ಗಂಜಿ, ಇನ್ನೊಬ್ಬರದು ಮೊದಲ ದಿನವೇ ಹೋಳಿಗೆ.

ಹೆಸರಿನ ಅರ್ಥ

ಔದ್ಯೋಗಿಕ ಎಂಬ ಶಬ್ದವನ್ನು ಕೇಳಿದೊಡನೆ ನೌಕರಿ ಕೊಡಿಸುವ ವ್ಯವಸ್ಥೆ ಎಂದು ಅನೇಕರು ಭಾವಿಸುತ್ತಾರೆ. ಇಲ್ಲಿ ಉದ್ಯೋಗವೆಂದರೆ ಸಂಬಳದ ಕೆಲಸ ಮಾತ್ರವಲ್ಲ. ಮನುಷ್ಯನ ದಿನವನ್ನು ತುಂಬುವ, ಅವನಿಗೆ ಅರ್ಥವುಳ್ಳ ಎಲ್ಲ ವ್ಯಾಪಾರಗಳೂ ಅದರಲ್ಲಿ ಸೇರುತ್ತವೆ. ಸ್ನಾನ, ಉಡುಪು, ಊಟ ಮುಂತಾದ ಸ್ವಂತ ಆರೈಕೆಯ ಕೆಲಸಗಳು ಒಂದು ವರ್ಗ. ಅಡಿಗೆ, ಓದು, ಮಕ್ಕಳ ಪಾಲನೆ, ಕಚೇರಿಯ ದುಡಿಮೆ ಎರಡನೆಯದು. ಆಟ, ಹಾಡು, ಹರಟೆ, ಪೂಜೆ ಮೂರನೆಯದು. ಈ ಮೂರೂ ನಿದ್ರೆಯೊಡನೆ ಸಮತೂಕದಲ್ಲಿ ಸೇರಿದಾಗಲೇ ದಿನಕ್ಕೊಂದು ಆಕಾರ ಬರುತ್ತದೆ. ಮನೋರೋಗವು ಮೊದಲು ಕೆಡಿಸುವುದು ಈ ಆಕಾರವನ್ನೇ.

ಹೀಗಾಗುವುದಕ್ಕೆ ಸೋಮಾರಿತನ ಕಾರಣವಲ್ಲ. ಚಿತ್ತವಿಕಲತೆಯಲ್ಲಿ ದನಿ ಕೇಳಿಸುವುದು, ಭ್ರಮೆಗಳು ಹುಟ್ಟುವುದು ಕಣ್ಣಿಗೆ ಬೀಳುವ ಲಕ್ಷಣಗಳು. ಉತ್ಸಾಹ ಬತ್ತುವುದು, ಮಾತು ಕಡಿಮೆಯಾಗುವುದು, ಒಂದು ಕೆಲಸವನ್ನು ಆರಂಭಿಸುವ ಶಕ್ತಿಯೇ ಇಲ್ಲದಿರುವುದು ಕಣ್ಣಿಗೆ ಬೀಳದ ಲಕ್ಷಣಗಳು. ಗಮನ, ಜ್ಞಾಪಕಶಕ್ತಿ ಮತ್ತು ಯೋಜಿಸುವ ಸಾಮರ್ಥ್ಯಗಳೂ ಕುಗ್ಗುತ್ತವೆ. ಇಂದಿನ ಔಷಧಿಗಳು ಮೊದಲ ಗುಂಪಿನ ಲಕ್ಷಣಗಳ ಮೇಲೆ ಬೀರುವಷ್ಟು ಪರಿಣಾಮವನ್ನು ಎರಡನೆಯದರ ಮೇಲೆ ಬೀರುವುದಿಲ್ಲ. ಕೆಲವು ಔಷಧಿಗಳಿಂದ ತೂಕಡಿಕೆ, ಕೈನಡುಕಗಳೂ ಬರುವುದುಂಟು. ಔಷಧಿ ಬಿಟ್ಟರೆ ರೋಗ ಮರುಕಳಿಸುವ ಭಯ, ಬರೀ ಔಷಧಿಯನ್ನೇ ನಂಬಿದರೆ ದಿನ ಬರಿದಾಗುವ ಕಷ್ಟ. ಈ ಬರಿದಾದ ದಿನವನ್ನು ಮತ್ತೆ ತುಂಬುವುದೇ ಔದ್ಯೋಗಿಕ ಚಿಕಿತ್ಸೆಯ ಕಾರ್ಯಕ್ಷೇತ್ರ.

ಬೆಳೆದು ಬಂದ ದಾರಿ

ಹದಿನೆಂಟನೆಯ ಶತಮಾನದ ಕೊನೆಯವರೆಗೂ ಯೂರೋಪಿನಲ್ಲಿ ಮನೋರೋಗಿಗಳನ್ನು ಸರಪಳಿಯಿಂದ ಬಿಗಿಯುವುದು ಸಾಮಾನ್ಯವಾಗಿತ್ತು. ಪ್ಯಾರಿಸಿನಲ್ಲಿ ಫಿಲಿಪ್ ಪಿನೆಲ್ ಎಂಬ ವೈದ್ಯ ಇದನ್ನು ವಿರೋಧಿಸಿ ದಯೆ ಮತ್ತು ದುಡಿಮೆಯ ಮಾರ್ಗವನ್ನು ಬೋಧಿಸಿದ. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ವಿಲಿಯಂ ಟ್ಯೂಕ್ ಎಂಬ ಚಹಾ ವ್ಯಾಪಾರಿ 1796ರಲ್ಲಿ ಒಂದು ಆಶ್ರಯಧಾಮವನ್ನು ತೆರೆದು, ರೋಗಿಗಳಿಗೆ ತೋಟದ ಕೆಲಸ, ಹೊಲಿಗೆ, ಓದುಗಳನ್ನು ಒದಗಿಸಿದ. ಅಮೆರಿಕೆಯಲ್ಲಿ 1917ರಲ್ಲಿ ಈ ಚಿಕಿತ್ಸೆಯ ಪ್ರಸಾರಕ್ಕಾಗಿ ಒಂದು ರಾಷ್ಟ್ರೀಯ ಸಂಘ ಸ್ಥಾಪನೆಗೊಂಡಿತು. ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡ, ಮನಸ್ಸು ಮುರಿದ ಸೈನಿಕರ ಶುಶ್ರೂಷೆಯಲ್ಲಿ ಅದರ ಬೆಲೆ ಜನಕ್ಕೆ ಮನವರಿಕೆಯಾಯಿತು. ಕೆಲಸ, ಆಟ, ವಿಶ್ರಾಂತಿ, ನಿದ್ರೆ ಇವುಗಳ ಲಯ ತಪ್ಪಿದಾಗ ಮನಸ್ಸು ಕೆಡುತ್ತದೆ, ಆ ಲಯವನ್ನು ಮಾತಿನಿಂದಲ್ಲ, ಮಾಡಿಯೇ ಮರಳಿ ಪಡೆಯಬೇಕು ಎಂಬ ತತ್ತ್ವವನ್ನು ಮನೋವೈದ್ಯ ಅಡಾಲ್ಫ್ ಮೇಯರ್ 1921ರಲ್ಲಿ ಪ್ರತಿಪಾದಿಸಿದರು.

ನಮ್ಮ ದೇಶದಲ್ಲಿ ರಾಂಚಿಯ ಮಾನಸಿಕ ಆಸ್ಪತ್ರೆಯಲ್ಲಿ 1922ರಲ್ಲೇ ಔದ್ಯೋಗಿಕ ಚಿಕಿತ್ಸಾ ವಿಭಾಗ ಆರಂಭವಾಯಿತು. ಆದರೆ ಈ ವಿದ್ಯೆಯನ್ನು ಕ್ರಮವಾಗಿ ಕಲಿಸುವ ಶಾಲೆ ಹುಟ್ಟಿದ್ದು ಮುಂಬಯಿಯ ಪರೇಲಿನಲ್ಲಿ. ಅಮೆರಿಕೆಯಲ್ಲಿ ಜನಿಸಿ, ವಿವಾಹದ ಮೂಲಕ ಭಾರತೀಯರಾದ ಕಮಲಾ ನಿಂಬಕರ್ ಅವರು 1950ರಲ್ಲಿ ಕೆಇಎಂ ಆಸ್ಪತ್ರೆಯಲ್ಲಿ ಇದನ್ನು ಸ್ಥಾಪಿಸಿದರು. ಏಷ್ಯಾದಲ್ಲೇ ಇಂತಹ ಮೊದಲ ಶಾಲೆಯೆಂಬ ಹೆಗ್ಗಳಿಕೆ ಅದರದು. ಪರೇಲಿನ ಸುತ್ತ ಬದುಕು ಕಟ್ಟಿಕೊಂಡ ಕನ್ನಡಿಗರಲ್ಲಿ ಎಷ್ಟೋ ಜನ ಆ ಆಸ್ಪತ್ರೆಯ ಮುಂದೆ ನಿತ್ಯ ಓಡಾಡಿದವರೇ. 1952ರಲ್ಲಿ ಅಖಿಲ ಭಾರತ ಔದ್ಯೋಗಿಕ ಚಿಕಿತ್ಸಕರ ಸಂಘವೂ ಹುಟ್ಟಿತು. 2021ರ ಕೇಂದ್ರ ಅಧಿನಿಯಮವೊಂದು ಈ ಚಿಕಿತ್ಸಕರನ್ನು ಆರೋಗ್ಯವೃತ್ತಿಯವರೆಂದು ಮಾನ್ಯಮಾಡಿದೆ.

ಒಂದು ಲೋಟ ಚಹಾದ ಪಾಠ

ಚಿಕಿತ್ಸಕರ ಮೊದಲ ಕೆಲಸ ಪ್ರಶ್ನೆ ಕೇಳುವುದು. ರೋಗ ಬರುವ ಮುನ್ನ ದಿನ ಹೇಗೆ ಸಾಗುತ್ತಿತ್ತು? ಈಗ ಯಾವುದು ಸಾಧ್ಯ, ಯಾವುದು ಅಸಾಧ್ಯ? ಎಲ್ಲಕ್ಕಿಂತ ಮುಖ್ಯವಾಗಿ, ಯಾವುದನ್ನು ಮತ್ತೆ ಮಾಡಲು ರೋಗಿಗೆ ಆಸೆಯಿದೆ? ಅನಂತರ ಯಾವುದಾದರೊಂದು ಸಣ್ಣ ಕೆಲಸವನ್ನು ಮಾಡಲು ಹೇಳಿ ಸೂಕ್ಷ್ಮವಾಗಿ ಗಮನಿಸುತ್ತಾರೆ.

ಉದಾಹರಣೆಗೆ ಒಂದು ಲೋಟ ಚಹಾ ಮಾಡುವುದು. ನೋಡಲು ಸುಲಭವಾದ ಈ ಕೆಲಸದಲ್ಲಿ ಎಷ್ಟೊಂದು ಸಾಮರ್ಥ್ಯಗಳು ಅಡಗಿವೆ! ನೀರು, ಪುಡಿ, ಸಕ್ಕರೆ, ಹಾಲುಗಳ ಕ್ರಮ ನೆನಪಿರಬೇಕು, ಅಳತೆ ತಪ್ಪಬಾರದು, ಹಾಲು ಉಕ್ಕುವವರೆಗೆ ಗಮನ ಬೇರೆಡೆಗೆ ಹರಿಯಬಾರದು, ಬಿಸಿ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದಾಗ ಕೈ ನಡುಗಬಾರದು, ಗ್ಯಾಸ್ ಆರಿಸಲು ಮರೆಯಬಾರದು. ಇನ್ನೊಬ್ಬರಿಗೆ ಆ ಲೋಟವನ್ನು ಕೊಡುವಾಗ ಮುಖ ನೋಡಿ ಒಂದು ಮಾತನಾಡಬೇಕು. ಒಬ್ಬರು ಕ್ರಮದಲ್ಲಿ ತಡವರಿಸುತ್ತಾರೆ, ಇನ್ನೊಬ್ಬರು ಎಲ್ಲವನ್ನೂ ಸರಿಯಾಗಿ ಮಾಡಿ ಲೋಟವನ್ನು ಕೊಡಲಾರದೆ ನಿಲ್ಲುತ್ತಾರೆ. ತೊಡಕು ಎಲ್ಲಿದೆಯೆಂಬುದು ಹೀಗೆ ಬಯಲಾಗುತ್ತದೆ. ಕೆಲಸವೊಂದನ್ನು ಬಿಡಿಬಿಡಿಯಾಗಿ ಬಿಚ್ಚಿನೋಡುವ ಈ ವಿಧಾನವೇ ಚಿಕಿತ್ಸಕರ ಮುಖ್ಯ ವಿದ್ಯೆ.

ಎರಡನೆಯ ವಿದ್ಯೆ ಮೆಟ್ಟಿಲು ಕಟ್ಟುವುದು. ರೋಗಿ ಏರಬಲ್ಲಷ್ಟೇ ಎತ್ತರದ ಮೆಟ್ಟಿಲನ್ನು ಇಡಬೇಕು. ತೀರ ಸುಲಭವಾದರೆ ಅವಮಾನ, ತೀರ ಕಠಿಣವಾದರೆ ಸೋಲು. ಕ್ರಮ ಮರೆಯುವವರಿಗೆ ಅಡಿಗೆಮನೆಯ ಗೋಡೆಯ ಮೇಲೆ ಐದು ಸಾಲಿನ ಪಟ್ಟಿ ಅಂಟಿಸಬಹುದು. ಅಭ್ಯಾಸವಾದಂತೆ ಪಟ್ಟಿಯನ್ನು ತೆಗೆಯಬಹುದು. ಬ್ಯಾಂಕಿನಲ್ಲಿ ತಿಂಗಳು ತಿಂಗಳು ಕಟ್ಟುವ ಆವರ್ತ ಠೇವಣಿಯಂತೆ ಇಲ್ಲಿ ಕಂತು ಚಿಕ್ಕದು, ನಿಯಮ ದೊಡ್ಡದು. ಆದರೆ ಒಂದು ವ್ಯತ್ಯಾಸವಿದೆ. ಇಲ್ಲಿ ಕಂತು ತಪ್ಪಿದರೆ ದಂಡವಿಲ್ಲ. ಕಂತನ್ನೇ ಇನ್ನಷ್ಟು ಚಿಕ್ಕದು ಮಾಡಲಾಗುತ್ತದೆ.

ಮೇಲೆ ಕಲ್ಪಿಸಿಕೊಂಡ ಮನೆಗೆ ಮರಳಿ ಬರೋಣ. ಚಿಕಿತ್ಸಕಿ ಆ ಯುವಕನಿಗೆ ಕುಶಲಕಲೆಯ ಬುಟ್ಟಿಯನ್ನೂ ಕೊಡಲಿಲ್ಲ, ನೌಕರಿಯ ಅರ್ಜಿಯನ್ನೂ ಕೊಡಲಿಲ್ಲ ಎಂದಿಟ್ಟುಕೊಳ್ಳಬಹುದು. ಬೆಳಿಗ್ಗೆ ಆರೂವರೆಗೆ ನಲ್ಲಿಯಲ್ಲಿ ನೀರು ಬಂದಾಗ ಎರಡು ಪಿಪಾಯಿ ತುಂಬುವ ಹೊಣೆಯನ್ನು ಮಾತ್ರ ವಹಿಸಿದಳು. ನಲ್ಲಿ ಯಾರಿಗಾಗಿಯೂ ಕಾಯುವುದಿಲ್ಲ. ತಾಯಿಯ ಗದರಿಕೆಗಿಂತ ಅದು ಒಳ್ಳೆಯ ಗಡಿಯಾರ. ಮೊದಲ ವಾರ ಮೂರು ದಿನ ಎದ್ದ, ನಾಲ್ಕು ದಿನ ಏಳಲಿಲ್ಲ. ಮಾತ್ರೆಯ ಮಂಪರು ಕಾರಣವೆಂದು ಕಂಡು ವೈದ್ಯರಿಗೆ ತಿಳಿಸಿದಾಗ ಅವರು ಮಾತ್ರೆಯ ಹೊತ್ತನ್ನು ಬದಲಿಸಿದರು. ಒಂದು ತಿಂಗಳ ಮೇಲೆ ಹಾಲು ತರುವ ಕೆಲಸ ಸೇರಿತು, ಬಳಿಕ ತರಕಾರಿಯ ಪಟ್ಟಿ ಮತ್ತು ಚಿಲ್ಲರೆಯ ಲೆಕ್ಕ. ಲೋಕಲ್ ರೈಲಿನ ಮೆಟ್ಟಿಲು ಬಂದಾಗ ನಿಲ್ದಾಣದ ಗದ್ದಲಕ್ಕೆ ಹೆದರಿ ಹಿಂತಿರುಗಿದ. ಆಗ ತಂದೆ ಜೊತೆಗೂಡಿ, ಜನವಿಲ್ಲದ ಮಧ್ಯಾಹ್ನದ ಗಾಡಿಯಲ್ಲಿ ಒಂದೇ ನಿಲ್ದಾಣದವರೆಗೆ ಹೋಗಿಬಂದರು. ಅರ್ಜಿಗಳನ್ನು ಮುಂದಿಡುತ್ತಿದ್ದ ತಂದೆ ಈಗ ಪಕ್ಕದಲ್ಲಿ ಕುಳಿತಿದ್ದರು. ಚಿಕಿತ್ಸೆಯಲ್ಲಿ ಬದಲಾಗಬೇಕಾದವರು ರೋಗಿಯೊಬ್ಬನೇ ಅಲ್ಲ.

ರೋಗಕ್ಕೆ ತಕ್ಕ ಕ್ರಮ

ಎಲ್ಲ ಮನೋರೋಗಗಳಿಗೂ ಒಂದೇ ಕ್ರಮ ಒಪ್ಪುವುದಿಲ್ಲ. ಖಿನ್ನತೆಯಲ್ಲಿ, "ಮನಸ್ಸು ಸರಿಯಾದಮೇಲೆ ಮಾಡುತ್ತೇನೆ" ಎಂಬುದು ಸಾಮಾನ್ಯವಾದ ಮಾತು. ಚಿಕಿತ್ಸೆ ಈ ಕ್ರಮವನ್ನು ತಿರುಗಿಸುತ್ತದೆ. ಮನಸ್ಸಿಗಾಗಿ ಕಾಯದೆ ಹತ್ತು ನಿಮಿಷದ ಕೆಲಸವೊಂದನ್ನು ಗೊತ್ತಾದ ಹೊತ್ತಿಗೆ ಮಾಡಿದರೆ, ಮಾಡಿದ ತೃಪ್ತಿಯ ಹಿಂದೆ ಮನಸ್ಸು ನಿಧಾನವಾಗಿ ಬರುತ್ತದೆ. ಉನ್ಮಾದದ ಸ್ಥಿತಿಯಲ್ಲಿ ಮಾತ್ರ ಇದರ ವಿರುದ್ಧ ಕ್ರಮ. ಅಲ್ಲಿ ಹತ್ತು ಕೆಲಸಗಳನ್ನು ಒಮ್ಮೆಗೇ ಹಿಡಿಯುವ ಕೈಯನ್ನು ಒಂದೆರಡು ಶಾಂತ ಕೆಲಸಗಳಿಗೆ ಸೀಮಿತಗೊಳಿಸಿ, ನಿದ್ರೆಯನ್ನು ಕಾಪಾಡಬೇಕು. ಮದ್ಯವ್ಯಸನದಿಂದ ಬಿಡಿಸಿಕೊಂಡವರಿಗೆ ಸಂಜೆಯ ಹೊತ್ತೇ ಕಂಟಕ. ಆ ಎರಡು ಗಂಟೆಗಳನ್ನು ತುಂಬುವ ಹವ್ಯಾಸವೂ ಹೊಸ ಸ್ನೇಹಿತರೂ ಬೇಕು. ಮರೆಗುಳಿತನಕ್ಕೊಳಗಾದ ವೃದ್ಧರಿಗೆ ಹೊಸದನ್ನು ಕಲಿಸುವುದಕ್ಕಿಂತ, ಕೈ ಮರೆಯದ ಹಳೆಯ ಕೆಲಸಗಳಾದ ಹೂ ಕಟ್ಟುವುದು, ಅವರೆಕಾಳು ಸುಲಿಯುವುದು, ಬಟ್ಟೆ ಮಡಿಸುವುದು ಇವೇ ನೆಮ್ಮದಿ ಕೊಡುತ್ತವೆ.

ಸಂಬಳದ ಕೆಲಸದ ಕಡೆಗೆ

"ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು" ಎಂಬ ಗಾದೆ ಹಣದ ಬಗೆಗೆ ಹುಟ್ಟಿದ್ದಾದರೂ ಆತ್ಮಗೌರವಕ್ಕೂ ಒಪ್ಪುತ್ತದೆ. ತಾನು ದುಡಿದ ನೂರು ರೂಪಾಯಿ, ಮನೆಯವರು ಕೊಟ್ಟ ಸಾವಿರಕ್ಕಿಂತ ಹೆಚ್ಚು ಎಂದು ಚೇತರಿಸಿಕೊಳ್ಳುತ್ತಿರುವ ಯಾರಿಗಾದರೂ ಅನಿಸುವುದು ಸಹಜ. ಚೆನ್ನೈಯ ಕಿಲ್ಪಾಕ್ ಮಾನಸಿಕ ಆಸ್ಪತ್ರೆಯ ಔದ್ಯಮಿಕ ಚಿಕಿತ್ಸಾ ಕೇಂದ್ರ ಈ ದಿಕ್ಕಿನಲ್ಲಿ ಹೆಸರಾದುದು. ಅಲ್ಲಿನ ಬೇಕರಿಯಲ್ಲಿ ರೋಗಿಗಳು ತಯಾರಿಸಿದ ಬ್ರೆಡ್ಡು ನಗರದ ಸರಕಾರಿ ಆಸ್ಪತ್ರೆಗಳಿಗೆ ಸರಬರಾಜಾದುದುಂಟು. ಈ ಕೇಂದ್ರ ರೂಪುಗೊಂಡ ಕಾಲದಲ್ಲಿ ಆಸ್ಪತ್ರೆಯ ಮುಖ್ಯಸ್ಥರಾಗಿದ್ದವರು ಮಂಗಳೂರಿನಲ್ಲಿ ಜನಿಸಿದ ಡಾ. ಶಾರದಾ ಮೆನನ್. ಅವರು 1984ರಲ್ಲಿ ಚಿತ್ತವಿಕಲತೆಗೆಂದೇ ಚೆನ್ನೈಯಲ್ಲಿ ಸ್ಕಾರ್ಫ್ ಸಂಸ್ಥೆಯನ್ನು ಕಟ್ಟಿದರು; 1992ರಲ್ಲಿ ಪದ್ಮಭೂಷಣ ಪಡೆದರು; 2021ರಲ್ಲಿ ನಿಧನರಾದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಪುನರ್ವಸತಿ ವಿಭಾಗದಲ್ಲಿಯೂ ಹೊಲಿಗೆ, ಬಡಗಿ ಕೆಲಸ, ಬೇಕರಿ ಮುಂತಾದ ಶಾಖೆಗಳಿವೆ.

ಹಿಂದೆ, ಮೊದಲು ವರ್ಷಗಟ್ಟಲೆ ತರಬೇತಿ, ಆಮೇಲೆ ಕೆಲಸ ಎಂಬ ಪದ್ಧತಿಯಿತ್ತು. ತರಬೇತಿ ಮುಗಿಯುತ್ತಲೇ ಇರಲಿಲ್ಲ ಎಂಬುದು ಅದರ ದೋಷ. ಈಗ ಅನೇಕ ದೇಶಗಳ ಅಧ್ಯಯನಗಳು ಬೇರೊಂದು ಮಾರ್ಗವನ್ನು ಎತ್ತಿಹಿಡಿದಿವೆ. ಕೆಲಸ ಮಾಡಬೇಕೆಂಬ ಆಸೆಯುಳ್ಳವರಿಗೆ ಅವರ ಅಭಿರುಚಿಗೆ ಒಪ್ಪುವ ನಿಜವಾದ ಕೆಲಸವನ್ನೇ, ಬೇಕಾದರೆ ದಿನಕ್ಕೆ ಕೆಲವೇ ಗಂಟೆಗಳಂತೆ, ಹುಡುಕಿಕೊಡುವುದು. ಕೆಲಸದಲ್ಲಿದ್ದಾಗಲೇ ಬೆಂಬಲವನ್ನೂ ತರಬೇತಿಯನ್ನೂ ಮುಂದುವರಿಸುವುದು. ಇಲ್ಲಿ ನಿರ್ಧಾರ ರೋಗಿಯದು, ಮೆಟ್ಟಿಲನ್ನು ಸರಿಪಡಿಸುವ ಹೊಣೆ ಚಿಕಿತ್ಸಕರದು.

ದುಡಿಮೆ ಬೇರೆ, ಚಿಕಿತ್ಸೆ ಬೇರೆ

ಈ ವಿಷಯದಲ್ಲಿ ಒಂದು ಕಹಿ ಸತ್ಯವನ್ನೂ ಹೇಳಬೇಕು. ಹಳೆಯ ಹುಚ್ಚಾಸ್ಪತ್ರೆಗಳಲ್ಲಿ ಚಿಕಿತ್ಸೆಯ ಹೆಸರಿನಲ್ಲಿ ರೋಗಿಗಳಿಂದ ನೆಲ ಒರೆಸುವುದು, ಬಟ್ಟೆ ಒಗೆಯುವುದು, ಹೊಲ ಉಳುವುದು ಮುಂತಾದ ಕೆಲಸಗಳನ್ನು ಸಂಬಳವಿಲ್ಲದೆ ವರ್ಷಾನುಗಟ್ಟಲೆ ಮಾಡಿಸಿಕೊಂಡದ್ದುಂಟು. ಕೆಲಸದಲ್ಲಿ ಚುರುಕಾದ ರೋಗಿಯನ್ನು ಬಿಡುಗಡೆ ಮಾಡಲು ಮನಸ್ಸು ಬರುವುದಾದರೂ ಹೇಗೆ? ಕಾಯಕಕ್ಕೆ ಉನ್ನತ ಸ್ಥಾನ ಕೊಟ್ಟ ಹನ್ನೆರಡನೆಯ ಶತಮಾನದ ಶರಣರ ನಾಡಿನವರಿಗೆ ಇದರ ಅಂತರ ಸುಲಭವಾಗಿ ತಿಳಿಯಬೇಕು. ಮನವೊಪ್ಪಿ ಮಾಡಿದ್ದು ಕಾಯಕ, ಹೇರಿದ್ದು ಬಿಟ್ಟಿಚಾಕರಿ.

2018ರ ಮೇ 29ರಿಂದ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯಪಾಲನಾ ಅಧಿನಿಯಮ ಈ ಅಂತರವನ್ನು ಹಕ್ಕಿನ ರೂಪದಲ್ಲಿ ಬರೆದಿದೆ. ಚಿಕಿತ್ಸಾಲಯದಲ್ಲಿ ರೋಗಿಯನ್ನು ಬಲವಂತವಾಗಿ ದುಡಿಸುವಂತಿಲ್ಲ. ದುಡಿದರೆ ತಕ್ಕ ಸಂಭಾವನೆ ಕೊಡಬೇಕು. ಮನೆಗಳಿಗೂ ಈ ಮಾತು ಅನ್ವಯಿಸಬೇಕಾದುದೇ. ಅವಿವಾಹಿತಳಾದ, ಅಸ್ವಸ್ಥಳಾದ ಅಕ್ಕನನ್ನು ಇಡೀ ಮನೆಯ ಚಾಕರಿಗೆ ಹಚ್ಚಿ, "ಅವಳಿಗೆ ಮನಸ್ಸು ಹಗುರವಾಗಲೆಂದು" ಎನ್ನುವುದು ಚಿಕಿತ್ಸೆಯಲ್ಲ.

ಪರವೂರಿನ ಕನ್ನಡಿಗರ ಕಷ್ಟ

ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 10.6ರಷ್ಟು ಜನ ಯಾವುದಾದರೊಂದು ಮಾನಸಿಕ ಅಸ್ವಸ್ಥತೆಯಿಂದ ಬಳಲುತ್ತಿದ್ದರು. ಎಂದರೆ ನೂರು ವಯಸ್ಕರು ಸೇರಿದ ಯಾವ ಸಭೆಯಲ್ಲಿಯೂ ಈ ಕಷ್ಟ ಪರಕೀಯವಲ್ಲ. ಊರಿನಲ್ಲಾದರೆ ಅಂಗಳ, ಹಿತ್ತಲು, ಕೊಟ್ಟಿಗೆಗಳಲ್ಲಿ ಮಾಡಲು ನೂರೆಂಟು ಸಣ್ಣ ಕೆಲಸಗಳಿರುತ್ತವೆ. ಮಹಾನಗರದ ಕಿರಿದಾದ ಮನೆಯಲ್ಲಿ ಅದಿಲ್ಲ. ನೆರೆಯವರಿಗೆ ತಿಳಿದೀತೆಂಬ ಅಂಜಿಕೆ ಬೇರೆ.

ಭಾಷೆಯ ತೊಡಕೂ ಉಂಟು. ಮದುವೆಯಾಗಿ ಧಾರವಾಡದಿಂದಲೋ ಕುಂದಾಪುರದಿಂದಲೋ ಬಂದ ಗೃಹಿಣಿ ಮರಾಠಿ, ಹಿಂದಿಗಳಲ್ಲಿ ಕೇಳಿದ ಪ್ರಶ್ನೆಗೆ ಒಂದೇ ಪದದಲ್ಲಿ ಉತ್ತರಿಸಿದರೆ, ಅದು ರೋಗದ ಮೌನವೋ ಭಾಷೆಯ ಮೌನವೋ ಎಂದು ಚಿಕಿತ್ಸಕರಿಗೆ ತಿಳಿಯುವುದು ಕಷ್ಟ. ಆದುದರಿಂದ ಜೊತೆಗೆ ಹೋಗುವವರು ಆಕೆ ಮೊದಲು ಏನೇನು ಮಾಡುತ್ತಿದ್ದಳೆಂಬುದನ್ನು ವಿವರವಾಗಿ ಹೇಳಬೇಕು. ಹಪ್ಪಳ ಒತ್ತುವುದು, ಎಳೆ ರಂಗೋಲಿ, ಭಜನೆಯ ತಾಳ, ಕಸೂತಿ ಇವು ಚಿಕಿತ್ಸಕರಿಗೆ ಬರೀ ಹವ್ಯಾಸಗಳಲ್ಲ, ಆಯುಧಗಳು.

ಮನೆಯವರು ನೆನಪಿಡಬೇಕಾದ ಸಂಗತಿಗಳು ಹೆಚ್ಚಿಲ್ಲ. ರೋಗಿ ಮಾಡಬಲ್ಲದ್ದನ್ನು ತಾವು ಮಾಡಿಕೊಡಬಾರದು, ಮಾಡಲಾರದ್ದನ್ನು ಕೇಳಬಾರದು. ಒಮ್ಮೆಗೆ ಒಂದೇ ಕೆಲಸ, ಒಂದೇ ಹೊತ್ತು. ನಿಧಾನವಾದರೆ ಕೈಯಿಂದ ಕಸಿದುಕೊಳ್ಳಬಾರದು. ಮಾಡಿದ್ದನ್ನು ಗುರುತಿಸಿ ಹೇಳಬೇಕು. ಅಣ್ಣತಮ್ಮಂದಿರ ಸಂಬಳದೊಡನೆ ಹೋಲಿಸಬಾರದು. ಔಷಧಿಯನ್ನು ವೈದ್ಯರ ಮಾತಿಲ್ಲದೆ ನಿಲ್ಲಿಸಬಾರದು. ನಿದ್ರೆ ಕೆಟ್ಟರೆ, ಹಳೆಯ ಸಂಶಯಗಳು ಮರಳಿದರೆ, ಬದುಕು ಸಾಕೆಂಬ ಮಾತು ಬಂದರೆ ಕೂಡಲೇ ವೈದ್ಯರನ್ನು ಕಾಣಬೇಕು.

ಕನ್ನಡ ಸಂಘಗಳೂ ಇಲ್ಲಿ ಸಹಾಯ ಮಾಡಬಲ್ಲವು. ಸಂಘದ ವಾಚನಾಲಯದಲ್ಲಿ ವಾರಕ್ಕೆರಡು ಸಂಜೆ ಪುಸ್ತಕಗಳಿಗೆ ಸಂಖ್ಯೆ ಹಾಕುವುದು, ರಾಜ್ಯೋತ್ಸವದ ಆಮಂತ್ರಣ ಪತ್ರಿಕೆಗಳಿಗೆ ವಿಳಾಸ ಬರೆಯುವುದು, ಸಹಭೋಜನದ ದಿನ ಎಲೆ ಹಾಕುವುದು ಇವು ಚೇತರಿಸಿಕೊಳ್ಳುತ್ತಿರುವವರಿಗೆ ಒಪ್ಪುವ ಕೆಲಸಗಳು. ಅಲ್ಲಿ ಮಾತು ಕನ್ನಡ, ಮುಖಗಳು ಪರಿಚಿತ. ವೇದಿಕೆಯ ಮೇಲಿನ ಘೋಷಣೆಯಾಗಲಿ ಅನುಕಂಪದ ನೋಟವಾಗಲಿ ಬೇಡ. ಬೇರೆಯವರಿಗೆ ಹೇಳುವಂತೆಯೇ ಕೆಲಸ ಹೇಳಿ, ಬೇರೆಯವರಿಗೆ ಕೊಡುವಂತೆಯೇ ಕಾಫಿ ಕೊಟ್ಟರೆ ಸಾಕು.

ಎಲ್ಲಿ ವಿಚಾರಿಸಬೇಕು?

ಮುಂಬಯಿಯಲ್ಲಿ ಕೆಇಎಂ, ಸಯನ್ ಮತ್ತು ನಾಯರ್ ಆಸ್ಪತ್ರೆಗಳಲ್ಲಿ ಔದ್ಯೋಗಿಕ ಚಿಕಿತ್ಸಾ ವಿಭಾಗಗಳಿವೆ. ಬೇರೆ ನಗರಗಳಲ್ಲಿ ದೊಡ್ಡ ಸರಕಾರಿ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಕೇಳಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಉಚಿತ ಸಲಹೆ ದೊರೆಯುತ್ತದೆ. ಅದರ ಭಾಷೆಗಳಲ್ಲಿ ಕನ್ನಡವೂ ಇದೆ. ಮಾನಸಿಕ ರೋಗದ ಚಿಕಿತ್ಸೆಗೂ ದೈಹಿಕ ರೋಗದ ಚಿಕಿತ್ಸೆಯಂತೆಯೇ ವಿಮಾ ಸೌಲಭ್ಯವಿರಬೇಕೆಂದು 2017ರ ಅಧಿನಿಯಮ ವಿಧಿಸಿದೆ. ಆದರೆ ಆಸ್ಪತ್ರೆಗೆ ಸೇರದೆ ಪಡೆಯುವ ಚಿಕಿತ್ಸೆಗೆ ಪಾಲಿಸಿ ಒದಗುತ್ತದೆಯೇ ಎಂಬುದನ್ನು ಕರಾರು ಓದಿ ಖಚಿತಪಡಿಸಿಕೊಳ್ಳುವುದು ಜಾಣತನ. ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದ ಸರಕಾರಿ ಸಂಸ್ಥೆಯ ನೌಕರನನ್ನು ಅದೇ ಕಾರಣಕ್ಕೆ ತೆಗೆದುಹಾಕುವುದನ್ನು ಅಥವಾ ಹುದ್ದೆಯಿಂದ ಇಳಿಸುವುದನ್ನು 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮ ಸಾಮಾನ್ಯವಾಗಿ ನಿಷೇಧಿಸುತ್ತದೆ. ಆ ಅಧಿನಿಯಮದ ಪಟ್ಟಿಯಲ್ಲಿ ಮಾನಸಿಕ ರೋಗವೂ ಸೇರಿದೆ. ಹೆದರಿ ರಾಜೀನಾಮೆ ಕೊಡುವ ಮುನ್ನ ಇದನ್ನು ವಿಚಾರಿಸಬೇಕು.

ಎಲ್ಲರೂ ಹಳೆಯ ಹುದ್ದೆಗೆ, ಹಳೆಯ ವೇಗಕ್ಕೆ ಮರಳುತ್ತಾರೆಂದು ಯಾವ ಚಿಕಿತ್ಸಕರೂ ಭರವಸೆ ಕೊಡುವುದಿಲ್ಲ. ಚೇತರಿಕೆಯೆಂದರೆ ರೋಗದ ಲಕ್ಷಣಗಳೆಲ್ಲ ಅಳಿದುಹೋಗುವುದೊಂದೇ ಅಲ್ಲ. ಉಳಿದ ಲಕ್ಷಣಗಳ ನಡುವೆಯೂ ತನ್ನದೆನ್ನುವ ಒಂದು ದಿನವನ್ನು ಪಡೆಯುವುದು ಚೇತರಿಕೆಯೇ. ಬೆಳಿಗ್ಗೆ ಆರೂವರೆಗೆ ನಲ್ಲಿಯ ಕೆಳಗೆ ಪಿಪಾಯಿ ಇಟ್ಟು ನಿಂತ ಮಗನನ್ನು ಕಂಡಾಗ, "ಇಷ್ಟೇನಾ?" ಎನ್ನುವ ಬದಲು "ಇಷ್ಟಾಯಿತು" ಎನ್ನಲು ಮನೆಯವರು ಕಲಿತರೆ, ಗಂಜಿಯಿಂದ ಅನ್ನಕ್ಕೆ ಹೋಗುವ ದಾರಿಯಲ್ಲಿ ಅವನು ಅರ್ಧ ನಡೆದಂತೆಯೇ ಸರಿ.